ನೋವಿಗೆ ಇಪ್ಪತ್ತೊಂದು ದಿನ

ಆ ಊರಿನಲ್ಲಿ ನೋವಿಗೆ ಇಪ್ಪತ್ತೊಂದು ದಿನ. ಹಲ್ಲುನೋವಿಗೂ ಅಷ್ಟೇ, ಮುರಿದ ಬೆನ್ನಿಗೂ ಅಷ್ಟೇ. ಇಪ್ಪತ್ತೊಂದೇ ಯಾಕೆ ಎಂದರೆ, ಊರು ಕಟ್ಟಿದ ಮೊದಲ ಯಜಮಾನನ ಹಲ್ಲುನೋವು ಇಪ್ಪತ್ತೊಂದನೇ ದಿನ ನಿಂತಿತ್ತಂತೆ. ಅವನಿಗೇ ನಿಂತ ಮೇಲೆ ಉಳಿದವರಿಗೆ ನಿಲ್ಲದಿರಲು ಕಾರಣವೇನು? ಇಷ್ಟು ಸರಳವಾದ ಮಾತು ಯಾರಿಗೆ ತಾನೇ ಅರ್ಥವಾಗುವುದಿಲ್ಲ?

ಇಪ್ಪತ್ತೊಂದು ದಿನ ಕಳೆದ ಮಾರನೆಯ ಬೆಳಿಗ್ಗೆ, ಸೂರ್ಯ ಗೋಪುರದ ಅರ್ಧಕ್ಕೆ ಏರಿದಾಗ, ಗೋಪುರದ ಗಂಟೆ ಬಾರಿಸಬೇಕು. ಗಂಟೆ ಬಾರಿಸಿದರೇ ಇಪ್ಪತ್ತೆರಡನೇ ದಿನ ಹುಟ್ಟಿದ ಹಾಗೆ. ಆಮೇಲೆ ಊರೆಲ್ಲ ನೋವಿದ್ದವರ ಮನೆಯ ಮುಂದೆ ಸೇರುತ್ತದೆ. ನೋವಿದ್ದವರು ಊರುಗೋಲನ್ನೋ, ಕಟ್ಟಿದ ಪಟ್ಟಿಯನ್ನೋ, ಎಣ್ಣೆಯ ಬಟ್ಟಲನ್ನೋ ಯಜಮಾನನ ಕೈಗೆ ಒಪ್ಪಿಸಿ, ಹೊಸ್ತಿಲ ಮೇಲೆ ನಿಂತು, "ಹೋಯಿತು, ಹೋಯಿತು, ಹೋಯಿತು" ಎಂದು ಮೂರು ಸಲ ಹೇಳುತ್ತಾರೆ. ಊರು ಚಪ್ಪಾಳೆ ತಟ್ಟುತ್ತದೆ. ಪಾನಕ ಹಂಚುತ್ತಾರೆ. ಹಾಗೆ ಹೇಳಲು ಬಾಯಿ ಬಾರದವರಿಗೆ ಪಡುವಣ ಬಾಗಿಲಿದೆ. ಅದರಾಚೆ ನೀರಿಲ್ಲದ, ನೆರಳಿಲ್ಲದ ಬಯಲು. ನೋವು ಹೋಗುವ ತನಕ ಅಲ್ಲಿದ್ದು, ಹೋದ ಮೇಲೆ ಧಾರಾಳವಾಗಿ ವಾಪಸ್ ಬರಬಹುದು. ಆ ಬಾಗಿಲಿನಿಂದ ಇದುವರೆಗೆ ಒಬ್ಬರೂ ಹೋಗಿಲ್ಲ ಎಂಬುದು ಊರಿನ ಹೆಮ್ಮೆ. ಬಂದ ನೆಂಟರನ್ನೆಲ್ಲ ಕರೆದೊಯ್ದು, ತುಕ್ಕು ಹಿಡಿದ ಅಗುಳಿ ತೋರಿಸಿ, "ನೋಡಿ, ನಮ್ಮಲ್ಲಿ ಎಲ್ಲರಿಗೂ ವಾಸಿಯಾಗುತ್ತೆ" ಎನ್ನುತ್ತಿದ್ದರು.

ಗಂಟೆಯಾದ ಮೇಲೂ ಯಾರಾದರೂ ನರಳಿದರೆ ಪಕ್ಕದವರು ಆಕಾಶ ನೋಡಿ, "ಇದ್ಯಾವ ಹಕ್ಕಿ ಕೂಗಿತಪ್ಪಾ!" ಎನ್ನುತ್ತಿದ್ದರು. ಯಾರಾದರೂ ಕುಂಟಿದರೆ, "ನಿಮ್ಮ ನಡಿಗೆಗೆ ಈಗ ಒಂದು ಲಯ ಬಂದಿದೆ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಸಭ್ಯರ ಊರು.

ಆ ಊರಿನ ಇನ್ನೊಂದು ವಿಶೇಷ ಉಣ್ಣೆ. ವರ್ಷದ ಹನ್ನೆರಡು ತಿಂಗಳೂ ಅಲ್ಲಿ ಸುಡುಬಿಸಿಲು. ಚಳಿ ಎಂಬುದನ್ನು ಅಲ್ಲಿಯವರು ಕೇಳಿ ಮಾತ್ರ ಬಲ್ಲರು. ಆದರೂ ಪ್ರತಿ ಮನೆಯಲ್ಲೂ ಸ್ವೆಟರುಗಳ ರಾಶಿ. ಕೂಸುಗಳಿಗೆ ಉಣ್ಣೆಯ ಕುಲಾವಿ, ನೀರಿನ ಹೂಜಿಗಳಿಗೆ ಉಣ್ಣೆಯ ಅಂಗಿ, ಯಜಮಾನನ ತಲೆಗೆ ಉಣ್ಣೆಯ ಟೋಪಿ. ಅದರೊಳಗಿಂದ ಬೆವರು ಅವನ ಕಿವಿಯವರೆಗೆ ಇಳಿಯುತ್ತಿತ್ತು. ಬೇಡ ಎನ್ನುವುದು ಮರ್ಯಾದೆಯಲ್ಲ. ಇಷ್ಟೊಂದು ಹೆಣೆಯುವವರು ಯಾರು, ಯಾಕೆ ಹೆಣೆಯುತ್ತಾರೆ ಎಂದು ಯಾರೂ ಕೇಳಿರಲಿಲ್ಲ. ಕೇಳದೆ ಇರುವುದರಲ್ಲಿ ಆ ಊರು ಬಹಳ ಪಳಗಿತ್ತು.

ಗಂಟೆ ಬಾರಿಸುತ್ತಿದ್ದವಳನ್ನು ಎಲ್ಲರೂ ಗಂಟೆಯಮ್ಮ ಎನ್ನುತ್ತಿದ್ದರು. ಗೋಪುರಕ್ಕೆ ಅರವತ್ತು ಮೆಟ್ಟಿಲು. ಇಪ್ಪತ್ತು ವರ್ಷದಿಂದ ಅವನ್ನು ಹತ್ತಿ ಇಳಿದು ಅವಳ ಕಾಲು ಕಬ್ಬಿಣದಂತಾಗಿತ್ತು. ಗೋಪುರದ ಬುಡದಲ್ಲೇ ಅವಳ ಮನೆ, ಜೊತೆಗೆ ಮದುವೆಯಾಗದ ತಂಗಿ. ಗಂಟೆಯಮ್ಮನಿಗೆ ತನ್ನ ಕೆಲಸದ ಮೇಲೆ ಭಾರಿ ಅಭಿಮಾನ. ವೈದ್ಯ ಪಟ್ಟಿ ಕಟ್ಟುತ್ತಾನೆ, ಯಜಮಾನ ಭಾಷಣ ಮಾಡುತ್ತಾನೆ, ಆದರೆ ನೋವು ಹೋಗುವುದು ತಾನು ಹಗ್ಗ ಎಳೆದಾಗಲೇ ಎಂದು ಅವಳು ನಂಬಿದ್ದಳು. ಮೇಲಿನಿಂದ ನೋಡಿದರೆ ಹೊಸ್ತಿಲ ಮೇಲೆ ನಿಂತವರ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಮುಖ ಕಾಣುತ್ತಿರಲಿಲ್ಲ.

ಒಂದು ದಿನ ಒಬ್ಬ ಗಾಡಿಯವನ ಸೊಂಟಕ್ಕಾಗಿ ಗಂಟೆ ಬಾರಿಸಿ, ಪಾನಕ ಮುಗಿದುಹೋದೀತೆಂದು ದಡಬಡ ಇಳಿಯುತ್ತಿದ್ದಳು. ನಡುಮೆಟ್ಟಿಲಲ್ಲಿ ಕಾಲು ಜಾರಿತು. ಮೂವತ್ತು ಮೆಟ್ಟಿಲು ಉರುಳಿ ಕೆಳಗೆ ಬಿದ್ದಾಗ ಬಲಗಾಲಿನ ಮೊಣಕಾಲು ಚಿಪ್ಪು ಎರಡು ಹೋಳು.

ಮೊದಲ ವಾರ ಅವಳು ಅರಚಿದಳು. ಅರಚಲು ಅಪ್ಪಣೆಯಿತ್ತು. ಊರವರು ಗಂಜಿ ತಂದರು, ಕಾಲು ಒತ್ತಿದರು, ಕಣ್ಣೀರು ಕೂಡ ಹಾಕಿದರು. ಎರಡನೇ ವಾರ ವೈದ್ಯ ಬಂದ. ಅವನು ಮೊಣಕಾಲು ನೋಡಲಿಲ್ಲ. ತಂಗಿ ಗೋಡೆಯ ಮೇಲೆ ದಿನಕ್ಕೊಂದರಂತೆ ಎಳೆದಿದ್ದ ಮಸಿಗೆರೆಗಳನ್ನು ಎಣಿಸಿ, "ಭಲೇ, ಬಹಳ ಸುಧಾರಿಸಿದೆ. ಇನ್ನು ಒಂಬತ್ತೇ ದಿನದ ನೋವು ಉಳಿದಿರೋದು" ಎಂದ.

"ಜಾಸ್ತಿ ಆಗ್ತಿದೆಯಲ್ಲ ವೈದ್ಯರೇ?"

"ಹೋಗೋ ಮುಂಚೆ ಹಾಗೇ. ಹೊರಡೋ ನೆಂಟರು ಬಾಗಿಲಲ್ಲಿ ನಿಂತು ಮಾತು ಬೆಳೆಸೋದಿಲ್ಲವೇ?"

ಇಪ್ಪತ್ತೆರಡನೇ ದಿನ ತಂಗಿ ಗೋಪುರ ಹತ್ತಿ ಗಂಟೆ ಬಾರಿಸಿದಳು. ಕೆಳಗೆ ಮಂಚದ ಮೇಲೆ ಕೂತು ಗಂಟೆಯಮ್ಮ ಕಾಯುತ್ತಿದ್ದಳು. ಸದ್ದು ಗೋಡೆಯಿಂದ ನೆಲಕ್ಕೆ, ನೆಲದಿಂದ ಮಂಚದ ಕಾಲಿಗೆ, ಮಂಚದ ಕಾಲಿನಿಂದ ಅವಳ ಮೊಣಕಾಲಿಗೆ ಬಂತು. ನೋವು ಒಂದು ಕೂದಲಿನಷ್ಟೂ ಅಲ್ಲಾಡಲಿಲ್ಲ. ಗಂಟೆ ಸರಿಯಾಗಿ ಬಾರಿಸಲಿಲ್ಲವೇನೋ ಎಂದುಕೊಂಡಳು. ಅಷ್ಟರಲ್ಲಿ ಊರೇ ಬಾಗಿಲಿಗೆ ಬಂದಿತ್ತು.

ಊರುಗೋಲನ್ನು ಕೊಟ್ಟಳು. ಹೊಸ್ತಿಲ ಮೇಲೆ ನಿಂತಳು. ಎದುರಿಗೆ ನಗುವ ಮುಖಗಳು, ಅವುಗಳ ಹಿಂದೆ ಪಡುವಣ ದಿಕ್ಕು. "ಹೋಯಿತು" ಎಂದಳು. ಹಣೆಯ ಬೆವರು ಕಣ್ಣಿಗಿಳಿಯಿತು. "ಹೋಯಿತು." ಬಾಗಿಲ ಚೌಕಟ್ಟನ್ನು ಹಿಡಿದ ಬೆರಳು ಬಿಳಿಚಿದವು. ಮೂರನೇ ಸಲ ಹೇಳಿದಳೋ ಇಲ್ಲವೋ, ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಒಳಗೆ ಬಂದು, ಕದ ಮುಚ್ಚಿ, ಸೆರಗನ್ನು ಬಾಯಿಗೆ ತುರುಕಿಕೊಂಡು ನೆಲಕ್ಕೆ ಕುಸಿದಳು. ಹೊರಗೆ ತಂಗಿ ಖುಷಿಯಿಂದ ಪಾನಕ ಹಂಚುತ್ತಿದ್ದಳು.

ಮೂರು ದಿನ ಬಿಟ್ಟು ಯಜಮಾನ ಬಂದ. "ಏನಮ್ಮಾ, ಗೋಪುರದ ಕಡೆ ತಲೆ ಹಾಕಲಿಲ್ಲವಂತೆ? ನೋವೇನಾದರೂ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಹಿಂದಿನ ದಿನ ನಾಲ್ಕು ಮೆಟ್ಟಿಲು ಹತ್ತಿ, ನಾಲ್ಕನೆಯದರ ಮೇಲೆ ಕಣ್ಣು ಕತ್ತಲಿಟ್ಟು ಕೂತುಬಿಟ್ಟಿದ್ದಳು. ಅದನ್ನು ಹೇಳುವಂತಿಲ್ಲ. "ನೋವೇನಿಲ್ಲ ಯಜಮಾನರೇ," ಎಂದಳು. "ಸೋಮಾರಿತನ."

ಯಜಮಾನನ ಮುಖ ಅರಳಿತು. "ಅಷ್ಟೇ ತಾನೇ? ನಾನು ಏನೋ ಅಂದುಕೊಂಡೆ!"

ಸೋಮಾರಿತನಕ್ಕೆ ಆ ಊರಿನಲ್ಲಿ ಗಡುವಿರಲಿಲ್ಲ. ಎಷ್ಟು ವರ್ಷ ಬೇಕಾದರೂ ಇರಬಹುದು. ಗಂಟೆಯ ಹಗ್ಗವನ್ನು ತಂಗಿಗೆ ವಹಿಸಿದರು. ಗಂಟೆಯಮ್ಮ ಊರಿನ ಒಪ್ಪಿಗೆ ಪಡೆದ ಸೋಮಾರಿಯಾದಳು.

ತಂಗಿ ಮಾತ್ರ ಒಪ್ಪಲಿಲ್ಲ. ಅವಳಿಗೆ ಸುಳ್ಳು ಹೇಳಿಯೂ ಗೊತ್ತಿಲ್ಲ, ಸುಳ್ಳನ್ನು ಗುರುತು ಹಿಡಿದೂ ಗೊತ್ತಿಲ್ಲ. ಅಕ್ಕ ಹೋಯಿತು ಎಂದಳು, ಹಾಗಾದರೆ ಹೋಯಿತು. "ಎದ್ದು ಎರಡು ಕೊಡ ನೀರಾದರೂ ತರಬಾರದಾ ಅಕ್ಕಾ? ಕಲ್ಲಿನ ಹಾಗಿರೋ ಕಾಲು ಇಟ್ಟುಕೊಂಡು ಕೂತುಬಿಟ್ಟಿದ್ದೀಯ. ನನಗಂತೂ ನಾಚಿಕೆ ಆಗುತ್ತೆ" ಎಂದು ದಿನವೂ ಬೈದು, ಬೈದ ಮೇಲೆ ತಾನೇ ನೀರು ತರುತ್ತಿದ್ದಳು. ಗಂಟೆಯಮ್ಮ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅಲ್ಲಿ ಇಪ್ಪತ್ತೊಂದು ಗೆರೆ. ಅದರಾಚೆ ಬರೀ ಸುಣ್ಣ.

ಒಂದು ಮಧ್ಯಾಹ್ನ ಸುಣ್ಣದವ್ವ ಬಂದಳು. ಒಂದು ಕಾಲದಲ್ಲಿ ಊರಿನ ಮನೆಗಳಿಗೆಲ್ಲ ಸುಣ್ಣ ಬಳಿಯುತ್ತಿದ್ದ ಮುದುಕಿ ಅವಳು. ಒಂಬತ್ತು ವರ್ಷದ ಹಿಂದೆ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದಳು. ಆಮೇಲೆ ಸುಣ್ಣದ ಬಕೆಟ್ಟು ಮುಟ್ಟಿರಲಿಲ್ಲ. ಅವಳೂ ಸೋಮಾರಿ. ಗೋಡೆ ಹಿಡಿದು ನಿಧಾನಕ್ಕೆ ಕೂತು, ಚೀಲದಿಂದ ಎರಡು ಹೆಣಿಗೆ ಕಡ್ಡಿ ಮತ್ತು ಕಂದು ಉಣ್ಣೆಯ ಉಂಡೆ ತೆಗೆದು ಗಂಟೆಯಮ್ಮನ ಮಡಿಲಿಗೆ ಹಾಕಿದಳು.

"ನನಗ್ಯಾಕವ್ವಾ ಇದು? ಈ ಸೆಕೆಗೆ ಸ್ವೆಟರು ಯಾರಿಗೆ ಬೇಕು?"

"ಯಾರಿಗೂ ಬೇಡ. ತಗೋ, ಕುಣಿಕೆ ಹಾಕು."

ಗಂಟೆಯಮ್ಮ ಮುದುಕಿಯ ಬೆನ್ನನ್ನು ನೋಡಿದಳು. ಅದು ಬಿಲ್ಲಿನಂತೆ ಬಿಗಿದುಕೊಂಡಿತ್ತು. ತಗ್ಗಿದ ದನಿಯಲ್ಲಿ ಕೇಳಿದಳು, "ಅವ್ವಾ, ನಿನ್ನ ಬೆನ್ನುನೋವು... ಹೋಗಿಲ್ಲವಾ?"

"ನನ್ನನ್ನು ಕೇಳ್ತೀಯಲ್ಲೇ ತಾಯಿ? ಗಂಟೆ ಹೊಡೆದವಳು ನೀನು."

ಗಂಟೆಯಮ್ಮ ಕಡ್ಡಿ ಕೈಗೆತ್ತಿಕೊಂಡಳು.

ಮುದುಕಿ ಅವಳ ಬೆರಳು ಹಿಡಿದು ತೋರಿಸಿಕೊಟ್ಟಳು. ಒಂದು ಸೀದಾ, ಒಂದು ಉಲ್ಟಾ. ಒಂದು ಸೀದಾ, ಒಂದು ಉಲ್ಟಾ. ಮೊದಲ ದಿನ ಕುಣಿಕೆಗಳೆಲ್ಲ ಜಾರಿದವು. ಎರಡನೇ ದಿನ ಮೂವತ್ತು ಹಾಕಿದ್ದು ನಲವತ್ತೊಂದಾಯಿತು. ಹೇಗಾಯಿತೆಂದು ಸುಣ್ಣದವ್ವನಿಗೂ ತಿಳಿಯಲಿಲ್ಲ. ಐದನೇ ದಿನ, ಅಂಗೈಯಗಲದ, ಯಾವ ಕೆಲಸಕ್ಕೂ ಬಾರದ ಒಂದು ತುಂಡು ಸಿದ್ಧವಾಯಿತು. ಗಂಟೆಯಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಪ್ಪತ್ತು ವರ್ಷ ಅವಳು ಮಾಡಿದ್ದೆಲ್ಲ ಸದ್ದಾಗಿ ಗಾಳಿಯಲ್ಲಿ ಹೋಗಿತ್ತು. ಇದು ಕೈಯಲ್ಲಿ ಉಳಿದಿತ್ತು.

ಹೆಣೆದರೆ ನೋವು ಹೋಗುತ್ತದೆಯೇ? ಇಲ್ಲ. ಅಂಥ ಸುಳ್ಳನ್ನು ಸುಣ್ಣದವ್ವ ಹೇಳಲಿಲ್ಲ. ಆದರೆ ಕುಣಿಕೆ ಎಣಿಸುವಾಗ ನೋವಿನ ಕಡೆ ಪೂರ್ತಿ ಕಿವಿಗೊಡಲು ಆಗುತ್ತಿರಲಿಲ್ಲ. ಮೂವತ್ತು ಮುಗಿಯುವವರೆಗೆ ಅದು ಕಾಯಬೇಕಿತ್ತು. ಮೊಣಕಾಲಿನ ಯಜಮಾನಿಕೆ ನಡೆಸುತ್ತಿದ್ದ ನೋವು ಈಗ ಪಕ್ಕಕ್ಕೆ ಸರಿದು, ಮುನಿಸಿಕೊಂಡ ಅತ್ತೆಯ ಹಾಗೆ ಗೊಣಗುತ್ತ ಕೂರುತ್ತಿತ್ತು. ಸಾಲು ತಿರುಗಿಸುವಾಗ ಒಮ್ಮೆ ಚುಚ್ಚುತ್ತಿತ್ತು. ಮತ್ತೆ ಒಂದು ಸೀದಾ, ಒಂದು ಉಲ್ಟಾ.

ತಿಂಗಳೊಪ್ಪತ್ತಿನಲ್ಲಿ ಅವಳು ಗೋಪುರದ ನೆರಳಿಗೆ ಹೋಗಿ ಕೂರಲು ಶುರುಮಾಡಿದಳು. ಅಲ್ಲಿ ದಿನವೂ ಹತ್ತಾರು ಜನ ಹೆಣೆಯುತ್ತ ಕೂರುತ್ತಿದ್ದರು. ಒಲೆಯ ಬೆಂಕಿಗೆ ಕಾಲು ಸುಟ್ಟುಕೊಂಡಿದ್ದ ರೊಟ್ಟಿ ಮಾರುವವಳು, ಎತ್ತು ಹಾಯ್ದಿದ್ದ ಮುದುಕ, ಸೊಂಟ ಮುರಿದಿದ್ದ ಗಾಡಿಯವನು. ಎಲ್ಲರ ನೋವಿಗೂ ತಾನೇ ಗಂಟೆ ಬಾರಿಸಿದ್ದೆ ಎಂದು ಅವಳಿಗೆ ಒಂದೊಂದೇ ಮುಖ ನೋಡಿ ನೆನಪಾಯಿತು. ಮೇಲಿನಿಂದ ಕಾಣದ ಮುಖಗಳು. ಅವರು ಯಾರೂ ಅವಳನ್ನು ದೂರಲಿಲ್ಲ, ಸರಿದು ಜಾಗ ಕೊಟ್ಟರು. ಅಲ್ಲಿ ನೋವು ಎಂಬ ಪದವನ್ನು ಯಾರೂ ಆಡುತ್ತಿರಲಿಲ್ಲ. "ಇವತ್ತು ನೂಲು ಬಹಳ ಬಿಗಿ" ಎಂದು ಗಾಡಿಯವನು ಹೇಳಿದರೆ, "ಮೋಡ ಇದೆಯಲ್ಲ, ನನ್ನದೂ ಬಿಗೀನೇ" ಎಂದು ರೊಟ್ಟಿಯವಳು ಹೇಳುತ್ತಿದ್ದಳು. ದಾರಿಯಲ್ಲಿ ಹೋಗುವವರು, "ಎಂಥ ಒಳ್ಳೆಯ ಹವ್ಯಾಸ!" ಎಂದು ಹೊಗಳಿ ಮುಂದೆ ಹೋಗುತ್ತಿದ್ದರು.

ಹೀಗೆ ಏಳು ತಿಂಗಳು ಹೋಯಿತು. ಆಮೇಲೆ ತಂಗಿಗೆ ಪೆಟ್ಟಾಯಿತು.

ಗಂಟೆ ಬಲು ಭಾರ. ತಂಗಿ ಸಣ್ಣ ಆಳು. ಯಾರದೋ ಕಿವಿನೋವಿಗೆ ಹಗ್ಗ ಎಳೆದು ಬಿಡುವಾಗ ಗಂಟೆ ಅವಳನ್ನು ಎತ್ತಿ ಗೋಡೆಗೆ ಅಪ್ಪಳಿಸಿತು. ಎಡಭುಜದ ಕೀಲು ಕಳಚಿತು. ವೈದ್ಯ ಅದನ್ನು ಒತ್ತಿ ಕೂರಿಸಿ, ಪಟ್ಟಿ ಕಟ್ಟಿ, ಗೋಡೆಯ ಮೇಲೆ ಮೊದಲ ಗೆರೆ ಎಳೆದ. ಹತ್ತು ಗೆರೆಯಾಯಿತು, ಹದಿನೈದಾಯಿತು. ಭುಜದಿಂದ ಬೆರಳ ತುದಿಯವರೆಗೆ ಕೆಂಡ ಸುರಿದಂತೆ ಉರಿ. ಗಂಟೆಯಮ್ಮ ಕಡ್ಡಿ ತಂದು ಕೈಗೆ ಕೊಟ್ಟು ನೋಡಿದಳು. ಎಡಗೈಯಲ್ಲಿ ಕಡ್ಡಿ ನಿಲ್ಲಲಿಲ್ಲ. ನೆಲಕ್ಕೆ ಬಿದ್ದು ಉರುಳಿತು.

ಇಪ್ಪತ್ತನೇ ದಿನ ಬೆಳಿಗ್ಗೆ ತಂಗಿ ಹೇಳಿದಳು. "ಅಕ್ಕಾ, ನನ್ನದು ಹೋಗೋ ಹಾಗೆ ಕಾಣಲ್ಲ. ನಾಡಿದ್ದು ಹೊಸ್ತಿಲ ಮೇಲೆ ನಿಂತು ಹೋಗಿಲ್ಲ ಅಂತಾನೇ ಹೇಳ್ತೀನಿ. ನನಗೆ ಸುಳ್ಳು ಹೇಳೋಕೆ ಬರಲ್ಲ."

"ಹುಚ್ಚಿ! ಬಯಲಿಗೆ ಹಾಕ್ತಾರೆ ಕಣೇ. ಬಾಯಿ ಮಾತಿಗೆ ಹೋಯಿತು ಅಂದುಬಿಡು. ಎಲ್ಲರೂ ಅನ್ನೋದು ಹಾಗೇ."

"ಎಲ್ಲರೂ ಅಂದರೆ?" ತಂಗಿ ಅಕ್ಕನ ಮುಖ ನೋಡಿದಳು, ಆಮೇಲೆ ಮೊಣಕಾಲು ನೋಡಿದಳು. ತುಂಬ ಹೊತ್ತು ನೋಡಿದಳು. "ನಿನ್ನ ಕಾಲು?"

"ಹೋಗಿಲ್ಲ."

"ಈಗಲೂ?"

"ಈಗಲೂ."

"ನಾನು ನಿನಗೆ ನೀರು ತರೋಕೆ ಹೇಳ್ತಿದ್ದೆ," ಎಂದಳು ತಂಗಿ. "ಏಳು ತಿಂಗಳು ಬೈದೆನಲ್ಲ ಅಕ್ಕಾ, ಯಾಕೆ ಸುಮ್ಮನಿದ್ದೆ?" ಒಂದೇ ಕೈಯಿಂದ ಅಕ್ಕನ ಮೊಣಕಾಲನ್ನು, ಮುಟ್ಟಿಯೂ ಮುಟ್ಟದ ಹಾಗೆ, ಮುಟ್ಟಿದಳು.

ಮರುದಿನ ಯಜಮಾನ ಬಂದು, "ತಂಗಿಯ ಸಮಾರಂಭಕ್ಕೆ ತಂಗಿಯೇ ಗಂಟೆ ಹೊಡೆಯೋ ಹಾಗಿಲ್ಲ. ನಾಳೆ ಒಂದು ದಿನ ಸೋಮಾರಿತನ ಬಿಟ್ಟು ಮೇಲೆ ಹತ್ತಮ್ಮಾ" ಎಂದು ನಗುತ್ತ ಹೇಳಿದ.

"ಆಗಲಿ ಯಜಮಾನರೇ" ಎಂದಳು ಗಂಟೆಯಮ್ಮ. "ಹತ್ತುತ್ತೀನಿ."

ಬೆಳಕು ಹರಿಯುವಾಗಲೇ ಹೊರಟಳು. ಸೊಂಟಕ್ಕೆ ಉಣ್ಣೆಯ ಚೀಲ ಕಟ್ಟಿಕೊಂಡಿದ್ದಳು. ಎಡಗಾಲು ಮೇಲಿಟ್ಟು, ಗೋಡೆ ಹಿಡಿದು, ಬಲಗಾಲನ್ನು ಎಳೆದುಕೊಳ್ಳುವುದು. ಒಂದು ಮೆಟ್ಟಿಲು. ಎಡಗಾಲು, ಗೋಡೆ, ಬಲಗಾಲು. ಇನ್ನೊಂದು ಮೆಟ್ಟಿಲು. ಮೂವತ್ತನೆಯದರಲ್ಲಿ ವಾಂತಿ ಬಂತು. ನಲವತ್ತರ ಮೇಲೆ ಕೂತು, ಕೈಯೂರಿ, ಹಿಂದುಮುಂದಾಗಿ ಹತ್ತಿದಳು. ಅರವತ್ತನೆಯದು ಮುಗಿದಾಗ ಸೂರ್ಯ ಗೋಪುರದ ಅರ್ಧಕ್ಕೆ ಬಂದಿದ್ದ.

ಕೆಳಗೆ ಊರು ಸೇರಿತ್ತು. ಸಮಾರಂಭವೆಂದು ಎಲ್ಲರೂ ಸ್ವೆಟರು ಹಾಕಿ ಬಂದಿದ್ದರು, ನಿಂತಲ್ಲೇ ಬೇಯುತ್ತಿದ್ದರು. ಮನೆಯೊಳಗೆ ತಂಗಿ ಪಟ್ಟಿ ಬಿಚ್ಚದೆ ಕೂತಿದ್ದಳು. ಗಂಟೆಯಮ್ಮ ಹಗ್ಗ ನೋಡಿದಳು. ಮುಟ್ಟಲಿಲ್ಲ. ಕಿಂಡಿಯ ಕಟ್ಟೆಯ ಮೇಲೆ ಕೂತು, ಚೀಲ ಬಿಚ್ಚಿ, ಕಡ್ಡಿ ತೆಗೆದಳು.

"ಗಂಟೆಯಮ್ಮಾ!" ಯಜಮಾನ ಕೂಗಿದ. "ಹೊತ್ತಾಯಿತು, ಹೊಡಿ!"

"ಈ ಸಾಲು ಮುಗಿಸಿಬಿಡ್ತೀನಿ ಯಜಮಾನರೇ! ನಡುವೆ ಬಿಟ್ಟರೆ ಕುಣಿಕೆ ಜಾರುತ್ತೆ!"

ಹವ್ಯಾಸಕ್ಕೆ ಅಡ್ಡಿ ಮಾಡುವುದು ಸಭ್ಯತೆಯಲ್ಲ. ಊರು ಕಾಯುತ್ತ ನಿಂತಿತು. ಸಾಲು ಮುಗಿಯಿತು. ಗಂಟೆಯಮ್ಮ ಕಡ್ಡಿ ತಿರುಗಿಸಿ ಮುಂದಿನ ಸಾಲು ಹಿಡಿದಳು. ಸೂರ್ಯ ಗೋಪುರದ ನೆತ್ತಿಗೇರಿದ. ಪಾನಕ ಬಿಸಿಯಾಯಿತು. ಗಂಟೆಯಿಲ್ಲದೆ ಇಪ್ಪತ್ತೆರಡನೇ ದಿನ ಹುಟ್ಟುವಂತಿಲ್ಲ, ಇಪ್ಪತ್ತೊಂದನೇ ದಿನದಲ್ಲಿ ಯಾರನ್ನೂ ಏನೂ ಕೇಳುವಂತಿಲ್ಲ. ನಿಯಮ ಬರೆದವರು ಇದನ್ನೆಲ್ಲ ಬಹಳ ಯೋಚಿಸಿಯೇ ಬರೆದಿದ್ದರು.

ಯಜಮಾನ ಗಾಡಿಯವನ ಕಡೆ ತಿರುಗಿದ. "ನೀನು ಹೋಗಿ ಹೊಡೆದು ಬಾರಪ್ಪ."

"ನಾನು ಸೋಮಾರಿ ಯಜಮಾನರೇ," ಎಂದು ಗಾಡಿಯವನು ನೆಲಕ್ಕೆ ಕೂತು ಉಣ್ಣೆ ತೆಗೆದ.

ರೊಟ್ಟಿಯವಳನ್ನು ಕೇಳಿದ. ಅವಳೂ ಕೂತಳು. ಎತ್ತು ಹಾಯ್ದ ಮುದುಕ ಕೇಳುವ ಮೊದಲೇ ಕೂತ. ಇವರೆಲ್ಲ ಗೊತ್ತಿದ್ದವರೇ. ಆದರೆ ಗಟ್ಟಿಮುಟ್ಟಾದ ಕುಂಬಾರ ಕೂತ. ಪಾನಕ ಹಂಚುವವಳು ಕೂತಳು. ಕೊನೆಗೆ ವೈದ್ಯ, ಒಂದು ಕೈ ಸೊಂಟಕ್ಕೆ ಕೊಟ್ಟು, ಯಾರ ಮುಖವನ್ನೂ ನೋಡದೆ ಕೂತ. ಊರಿನ ಮುಕ್ಕಾಲು ಪಾಲು ನೆಲದ ಮೇಲಿತ್ತು. ಊರು ಇಷ್ಟೊಂದು ಸೋಮಾರಿ ಎಂದು ಯಜಮಾನನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

"ನಾನೇ ಹೊಡೆಯುತ್ತೇನೆ" ಎಂದು ಅವನು ಗೋಪುರಕ್ಕೆ ನುಗ್ಗಿದ. ಒಂದು ಮೆಟ್ಟಿಲು ಹತ್ತಿದ. ಎರಡು ಹತ್ತಿದ. ಮೂರನೆಯದರ ಮೇಲೆ ಕಾಲಿಟ್ಟಾಗ ಅವನ ಬಾಯಿಂದ ಒಂದು ಸದ್ದು ಬಂತು. ಆಳದಿಂದ ಬಂದ, ಒರಟು ಸದ್ದು. ಅವನು ಅಲ್ಲೇ ಗೋಡೆಗೊರಗಿ ಕೂತುಬಿಟ್ಟ.

ತಂಗಿ ಮನೆಯಿಂದ ಹೊರಗೆ ಬಂದಳು. ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದರಲ್ಲಿ ಹಿಡಿದುಕೊಂಡು ಯಜಮಾನನ ಮುಂದೆ ನಿಂತಳು. ಅವಳಿಗೆ ಕೇಳದೆ ಇರುವುದು ಗೊತ್ತಿರಲಿಲ್ಲ.

"ಎಷ್ಟು ದಿನದಿಂದ ಯಜಮಾನರೇ?"

ಅವನು ಟೋಪಿ ತೆಗೆದು ಮುಖ ಒರೆಸಿಕೊಂಡ. ಸುತ್ತ ಇದ್ದವರನ್ನು ನೋಡಿದ. ಇಷ್ಟು ವರ್ಷ ತಾನು ಊರುಗೋಲು ಕಿತ್ತುಕೊಂಡ ಜನ. "ಹದಿನಾರು ವರ್ಷವಾಯಿತಮ್ಮ," ಎಂದ. "ಬಾವಿಕಟ್ಟೆಯಿಂದ ಬಿದ್ದದ್ದು."

ಸುಣ್ಣದವ್ವ ಕೂತಲ್ಲಿಂದಲೇ ಸರಿದು, ಒಂದು ಜೊತೆ ಕಡ್ಡಿ ಅವನ ಕಡೆ ಚಾಚಿದಳು. ಯಜಮಾನ ತೆಗೆದುಕೊಂಡ. ಹಿಡಿಯುವುದು ಹೇಗೆಂದು ತಿಳಿಯದೆ ಎರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡ.

ಆ ದಿನ ನಿಯಮವನ್ನು ರದ್ದು ಮಾಡಲಿಲ್ಲ. ನಿಯಮ ರದ್ದು ಮಾಡುವಂಥ ಉದ್ಧಟತನ ಆ ಊರಿಗೆ ಬರುವಂಥದ್ದಲ್ಲ. ಯಜಮಾನ ಗಂಟಲು ಸರಿಮಾಡಿಕೊಂಡು, ಕೂತಲ್ಲಿಂದಲೇ, ಗಂಟೆಯಾಗದ ಕಾರಣ ಈ ದಿನ ಇಪ್ಪತ್ತೊಂದನೆಯದು, ಮತ್ತು ಗಂಟೆಯಾಗುವವರೆಗೆ ಎಲ್ಲರಿಗೂ ಇಪ್ಪತ್ತೊಂದನೆಯದೇ, ಎಂದು ಘೋಷಿಸಿದ. ಎಲ್ಲರೂ ತಲೆಯಾಡಿಸಿದರು. ಕಾದ ಪಾನಕವನ್ನು ಕುಡಿದರು. ಒಬ್ಬೊಬ್ಬರಾಗಿ ಸ್ವೆಟರು ಕಳಚಿದರು.

ಗಂಟೆಯಮ್ಮ ಸಂಜೆಗೆ ಇಳಿಯತೊಡಗಿದಳು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮೆಟ್ಟಿಲ ಮೇಲೆ ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಜಾರಿದಳು. ಮೊದಲ ಮೆಟ್ಟಿಲಲ್ಲಿ ಹಲ್ಲು ಕಚ್ಚಿದಳು. ಎರಡನೆಯದರಲ್ಲಿ ಸೆರಗಿಗೆ ಕೈ ಹೋಯಿತು. ಅಲ್ಲೇ ನಿಂತಿತು. ಮೂರನೇ ಮೆಟ್ಟಿಲಿಗೆ ಅವಳು ಬಾಯಿ ತುಂಬ, "ಅಯ್ಯೋ!" ಎಂದಳು. ಗೋಪುರದ ಒಳಗೋಡೆ ಅದನ್ನು ಹಿಡಿದು ದೊಡ್ಡದು ಮಾಡಿ ಊರಿಗೆ ಕೊಟ್ಟಿತು. ನಾಲ್ಕನೆಯದಕ್ಕೆ ಮತ್ತೆ. ಐದನೆಯದಕ್ಕೆ ಮತ್ತೆ. ಉಳಿದ ಮೆಟ್ಟಿಲಿಗೆಲ್ಲ ಹಾಗೇ, ಒಂದನ್ನೂ ಬಿಡದೆ, ಏಳು ತಿಂಗಳದ್ದೆಲ್ಲ ಸೇರಿಸಿ ಕೂಗಿಕೊಂಡಳು. ಯಾರೂ ಮನೆಗೆ ಹೋಗಲಿಲ್ಲ. ಕೂತು ಕೇಳಿದರು.

ಬುಡದಲ್ಲಿ ತಂಗಿ ಕಾಯುತ್ತಿದ್ದಳು. ನೆಟ್ಟಗಿದ್ದ ಒಂದು ಕೈಯನ್ನು ಮುಂದೆ ಚಾಚಿದಳು.

"ತುಂಬಾ ನೋಯ್ತಿದೆಯಾ ಅಕ್ಕಾ?"

"ತುಂಬಾ ನೋಯ್ತಿದೆ ಕಣೇ."

"ನನಗೂ" ಎಂದಳು ತಂಗಿ. ಅಕ್ಕ ಆ ಕೈ ಹಿಡಿದು ಎದ್ದಳು. ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು, ಎಷ್ಟು ನಿಧಾನ ಬೇಕೋ ಅಷ್ಟು ನಿಧಾನವಾಗಿ, ಮನೆಯ ಕಡೆ ನಡೆದರು.